ಅಕ್ಕನ ದೋಣಿಗೆ ಕ್ಯೂ ಇರಲಿಲ್ಲ

ಲಿಫ್ಟು ಮೂರನೆಯ ಮಹಡಿ ದಾಟಿದರೆ ಕಣ್ಣು ಮುಚ್ಚಿಕೊಳ್ಳುವ ಮನುಷ್ಯ ನಾನು. ಎಸ್ಕಲೇಟರಿನ ಮುಂದೆ ನಿಂತು, ಯಾವ ಮೆಟ್ಟಿಲಿಗೆ ಕಾಲಿಡಲಿ ಎಂದು ಯೋಚಿಸುತ್ತಾ, ಹಿಂದೆ ನಿಂತವರಿಂದ ಬೈಸಿಕೊಂಡವನು. ಇಂಥ ನನಗೆ ಹದಿಮೂರು ವರ್ಷದಿಂದ ಸಂಬಳ ಬರುತ್ತಿರುವುದು ಯಾವ ರೋಲರ್ ಕೋಸ್ಟರ್ ಮೇಲು, ಯಾವುದು ಕೀಳು ಎಂದು ತೀರ್ಪು ಕೊಡುವುದಕ್ಕೆ. ಅವುಗಳಲ್ಲಿ ಒಂದರಲ್ಲೂ ನಾನು ಕೂತಿಲ್ಲ. ಕೆಳಗೆ ಬೆಂಚಿನ ಮೇಲೆ ಕೂತು, ಮೇಲೆ ಕಿರುಚುವವರ ದನಿ ಕೇಳಿಸಿಕೊಂಡು, 'ರೋಮಾಂಚನ: ಉತ್ತಮ' ಎಂದು ಬರೆದುಕೊಂಡು ಬರುತ್ತೇನೆ.

ನಮ್ಮ ಸೀಮೆಯಲ್ಲಿ ಇಂಥ ದೊಡ್ಡ ಪಾರ್ಕುಗಳು ಮೂರಿವೆ. ಮೂರಕ್ಕೂ ಸ್ವಂತ ಹೋಟೆಲು, ಈಜುಕೊಳ, ಜನ ಮೂರು ದಿನ ಉಳಿದುಕೊಳ್ಳುವ ವ್ಯವಸ್ಥೆ. ಒಂದು ನಮ್ಮದು, ಒಂದು ಹೆದ್ದಾರಿ ಪಕ್ಕದವರದು, ಇನ್ನೊಂದು ಕಡಲ ದಂಡೆಯವರದು. ಹೆದ್ದಾರಿಯವರು ಏಳು ಸಲ ತಲೆಕೆಳಗಾಗುವ ರೈಲು ಕಟ್ಟಿದರೆ ಕಡಲಿನವರಿಗೆ ನಿದ್ದೆ ಬರುವುದಿಲ್ಲ. ಕಡಲಿನವರು ಹಿಮದ ಊರು ಕಟ್ಟಿದರೆ ನಮ್ಮವರಿಗೆ ಊಟ ಸೇರುವುದಿಲ್ಲ. ಯಾರು ಯಾವ ಹೊಸ ಆಟಕ್ಕೆ ಎಷ್ಟು ಸುರಿದರು, ಸುರಿದದ್ದಕ್ಕೆ ಜನ ಬಂದರೋ ಇಲ್ಲವೋ ಎಂದು ನೋಡಿ ಹೇಳಲು ನಮ್ಮಲ್ಲಿ ಒಂದು ಹೋಲಿಕೆ ವಿಭಾಗ ಇದೆ. ಆ ವಿಭಾಗ ಎಂದರೆ ನಾನು, ನನ್ನ ಟೋಪಿ ಮತ್ತು ಒತ್ತಿದರೆ ಟಿಕ್ ಎನ್ನುವ ಒಂದು ಎಣಿಕೆ ಯಂತ್ರ. ಪಾರ್ಕಿನ ಜನ ನನ್ನನ್ನು ಹೆಸರಿಟ್ಟು ಕರೆಯುವುದು ಯಾವತ್ತೋ ನಿಂತುಹೋಯಿತು. ಎಲ್ಲರಿಗೂ ನಾನು ಟಿಕ್‌ಟಿಕ್ ಸಾರ್.

ಟೋಪಿ ಹಾಕಿಕೊಂಡು ಗುಟ್ಟಾಗಿ ಹೋಗುತ್ತೇನೆ ಎಂಬುದು ನನ್ನ ನಂಬಿಕೆಯಾಗಿತ್ತು. ಹೆದ್ದಾರಿಯವರ ಗೇಟಿನವನು ಒಂದು ಮಂಗಳವಾರ, "ಬನ್ನಿ ಸಾರ್, ಹೋದ ವಾರ ಕಾಣ್ಲೇ ಇಲ್ಲ, ಹುಷಾರಿದ್ದೀರಾ?" ಎಂದು ಕೇಳಿದ ಮೇಲೆ ಆ ನಂಬಿಕೆ ಸ್ವಲ್ಪ ಸಡಿಲವಾಯಿತು. ಕಡಲಿನವರಿಗೂ ನನ್ನಂಥವನೇ ಒಬ್ಬ ಇದ್ದಾನೆ. ಒಮ್ಮೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಒಂದೇ ಕ್ಯೂ ಎಣಿಸಿದೆವು. ಅವನಿಗೆ ನಲವತ್ತು ನಿಮಿಷ ಬಂತು, ನನಗೆ ಐವತ್ತು. ಕೊನೆಗೆ ನಲವತ್ತೈದು ಎಂದು ರಾಜಿ ಮಾಡಿಕೊಂಡು, ಚಹಾ ಕುಡಿದು, ಇಬ್ಬರೂ ನಮ್ಮ ನಮ್ಮ ಮಾಲೀಕರಿಗೆ ಅದನ್ನೇ ಬರೆದುಕೊಟ್ಟೆವು.

ಆದರೆ ನಾನು ಹೇಳಹೊರಟಿರುವುದು ನನ್ನ ಅಕ್ಕನ ವಿಷಯ. ನನ್ನ ವಿಷಯ ನಡುನಡುವೆ ಬರುವುದು ನನ್ನ ಚಾಳಿ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನಮ್ಮ ಪಾರ್ಕಿನ ಹಳೆಯ ದೋಣಿಯಾಟದಲ್ಲಿ ಜನರನ್ನು ಹತ್ತಿಸುವ ಕೆಲಸ ಅವಳದು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದಳು. ನನ್ನನ್ನು ಮೊದಲು ಪಾಪ್‌ಕಾರ್ನ್ ಗಾಡಿಗೆ ಸೇರಿಸಿದವಳೂ ಅವಳೇ. ಅಲ್ಲಿಂದ ಮೇಲಕ್ಕೆ ಹೋದದ್ದು ನನ್ನ ಬುದ್ಧಿವಂತಿಕೆ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಇವನ ಅಕ್ಷರ ಚೆನ್ನಾಗಿದೆ, ಬಿಸಿ ಎಣ್ಣೆ ಹತ್ತಿರ ಇವನನ್ನು ಬಿಡಬೇಡಿ ಎಂದು ಅವಳು ಆಫೀಸಿನವರ ಹತ್ತಿರ ಹೋಗಿ ಹೇಳಿದ್ದಳಂತೆ. ಭಾವ ಸರಕು ಹಡಗಿನಲ್ಲಿ ಅಡುಗೆಯವರು. ವರ್ಷಕ್ಕೆ ಎರಡು ತಿಂಗಳು ಮನೆಯಲ್ಲಿರುತ್ತಾರೆ, ಆ ಎರಡು ತಿಂಗಳೂ ಅಕ್ಕ ತೋರಿಸಿದ ಕುರ್ಚಿಯಲ್ಲೇ ಕೂರುತ್ತಾರೆ. ಪಾರ್ಕಿಂಗ್ ಬಯಲಿನ ಹಿಂದಿನ ನೌಕರರ ಮನೆಗಳಲ್ಲಿ ಅವಳದೂ ನಮ್ಮದೂ ಎದುರುಬದುರು ಬಾಗಿಲು.

ದೋಣಿಯಾಟ ಎಂದರೆ ದೊಡ್ಡ ಸಾಹಸವೇನಲ್ಲ. ಮೊಣಕಾಲು ಆಳದ ನೀರು, ಕತ್ತಲೆಯ ಸುರಂಗ, ಒಳಗೆ ತಲೆ ಆಡಿಸುವ ಕರಡಿಗಳು, ಬಣ್ಣ ಬದಲಿಸುವ ಚಂದ್ರ. ಏಳೂವರೆ ನಿಮಿಷದ ಸುತ್ತು. ನಾನು ಧೈರ್ಯವಾಗಿ ಕೂತಿರುವ ಆಟ ಅದೊಂದೇ. ಒಂದು ದೋಣಿಗೆ ನಾಲ್ಕು ಸಾಲು, ಹದಿನಾರು ಸೀಟು. ಅಕ್ಕ ಕಟ್ಟೆಯ ಮೇಲೆ ನಿಂತು, ಬರುವವರನ್ನು ಇಪ್ಪತ್ತು ಹೆಜ್ಜೆ ದೂರದಿಂದಲೇ ಅಳೆಯುತ್ತಿದ್ದಳು. "ಐದು ಜನಾನಾ? ಮೂವರು ಇಲ್ಲಿ, ಇಬ್ಬರು ಹಿಂದೆ. ಅಜ್ಜಿ, ನೀವು ಈ ಕಡೆ ಬನ್ನಿ, ಕಾಲಿಡೋಕೆ ಸಲೀಸು. ಸಾರ್, ಬ್ಯಾಗು ತೊಡೆ ಮೇಲಲ್ಲ, ಕಾಲ ಸಂದೀಲಿ." ದಪ್ಪಗಿದ್ದವರಿಗೆ ದಪ್ಪ ಎಂದು ಅನ್ನಿಸದ ಹಾಗೆ ನಡುಮಧ್ಯ ಕೂರಿಸುತ್ತಿದ್ದಳು. ಅಳುವ ಮಗುವನ್ನು ಕರಡಿ ಇಲ್ಲದ ಬದಿಗೆ ಹಾಕುತ್ತಿದ್ದಳು. ಹತ್ತುವ ಹೊತ್ತಿಗೆ ಬೇಡ ಎನ್ನುವವರು ಯಾರೆಂದು ಅವಳಿಗೆ ಮೊದಲೇ ಗೊತ್ತಾಗುತ್ತಿತ್ತು, ಆ ಜಾಗಕ್ಕೆ ಇನ್ನೊಬ್ಬರನ್ನು ಅಷ್ಟರಲ್ಲೇ ನೋಡಿಟ್ಟಿರುತ್ತಿದ್ದಳು. ಅರ್ಧ ನಿಮಿಷಕ್ಕೊಂದು ದೋಣಿ, ಹದಿನಾರಕ್ಕೆ ಹದಿನಾರು ಜನ. ಅವಳು ಯಾರನ್ನೂ ಗದರಿದ್ದನ್ನು ನಾನು ನೋಡಿಲ್ಲ, ನನ್ನೊಬ್ಬನನ್ನು ಬಿಟ್ಟು.

ಈ ಗುಣ ಮನೆಗೂ ಬರುತ್ತಿತ್ತು. ನನ್ನ ಮದುವೆಯ ಫೋಟೋದಲ್ಲಿ ಮೂವತ್ತೊಂಬತ್ತು ನೆಂಟರಿದ್ದಾರೆ, ಒಬ್ಬರ ಮುಖವೂ ಇನ್ನೊಬ್ಬರ ಹಿಂದೆ ಮರೆಯಾಗಿಲ್ಲ. ಫೋಟೋಗ್ರಾಫರ್ ಸುಮ್ಮನೆ ಗುಂಡಿ ಒತ್ತಿದ, ನಿಲ್ಲಿಸಿದ್ದು ಅಕ್ಕ. ಅದರಲ್ಲಿ ಮರೆಯಾಗಿರುವವನು ನಾನೊಬ್ಬನೇ, ಅದೂ ಆ ಕ್ಷಣಕ್ಕೆ ಸರಿಯಾಗಿ ಸೀನಿ ತಲೆ ತಗ್ಗಿಸಿದ್ದರಿಂದ.

ಈಗ ನನ್ನ ವಿದ್ಯೆಯ ವಿಷಯ. ಬೇರೆಯವರ ಪಾರ್ಕಿಗೆ ಹೋದವನಿಗೆ ಅವರ ಒಳಗಿನ ಅಂಕಿಗಳು ಸಿಗುವುದಿಲ್ಲ. ಹೊರಗಿನಿಂದ ಕಾಣುವುದು ಕ್ಯೂ ಒಂದೇ. ಆದ್ದರಿಂದ ನಾನು ಒಂದು ಮಾನದಂಡ ಕಂಡುಹಿಡಿದೆ. ಜನ ಎಷ್ಟು ನಿಮಿಷ ಕಾಯುತ್ತಾರೋ ಅಷ್ಟು ಆ ಆಟದ ಬೆಲೆ. ಹೆಚ್ಚು ಕಾದರೆ ಹೆಚ್ಚು ಪ್ರೀತಿ. ಮೂರೂ ಪಾರ್ಕುಗಳಿಗೆ ಒಂದೇ ಅಳತೆ ಇರಬೇಕು, ಪಕ್ಷಪಾತ ಮಾಡಬಾರದು ಎಂದು ನಮ್ಮ ಪಾರ್ಕಿಗೂ ಅದನ್ನೇ ಹಚ್ಚಿದೆ. ಎಷ್ಟು ನ್ಯಾಯವಂತ ನಾನು ಎಂದು ನನಗೇ ಹೆಮ್ಮೆಯಾಗಿತ್ತು. ಉಳಿದ ಆಟಗಳ ಬಾಗಿಲಲ್ಲಿ ಜನರನ್ನು ಎಣಿಸುವ ತಿರುಗು ಗೇಟು ಇತ್ತು, ದೋಣಿಯ ಬಾಗಿಲಲ್ಲಿ ಇರಲಿಲ್ಲ. ಮಗುವಿನ ತಳ್ಳುಗಾಡಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಅಕ್ಕ ಅದನ್ನು ಯಾವಾಗಲೋ ಬಿಚ್ಚಿಸಿ ಗೋದಾಮಿಗೆ ಕಳಿಸಿದ್ದಳು. ಹಾಗಾಗಿ ದೋಣಿಗೆ ಎಷ್ಟು ಜನ ಹತ್ತಿದರು ಎಂದು ಎಲ್ಲೂ ದಾಖಲೆ ಇರಲಿಲ್ಲ, ಇದ್ದದ್ದು ನನ್ನ ವರದಿ ಮಾತ್ರ.

ನನ್ನ ವರದಿಯಲ್ಲಿ ನಮ್ಮ 'ಹದ್ದು' ಕೋಸ್ಟರಿಗೆ ಐವತ್ತು ನಿಮಿಷ, ಕಡುಕೆಂಪು ಬಣ್ಣ. ಹೆದ್ದಾರಿಯವರ ತಲೆಕೆಳಗು ರೈಲಿಗೆ ಎಪ್ಪತ್ತು. ಕಡಲಿನವರ ಹಿಮದೂರಿಗೆ ಅರವತ್ತೈದು. ಅಕ್ಕನ ದೋಣಿಗೆ ಸೊನ್ನೆ, ಬಣ್ಣವೇ ಇಲ್ಲದ ಬಿಳಿ ಚೌಕ. ಹನ್ನೊಂದು ವರ್ಷ ಒಂದೇ ಸಮನೆ ಸೊನ್ನೆ.

ಹಳೆಯ ಯಜಮಾನರ ಮಗಳು ಪಾರ್ಕಿನ ಅಧಿಕಾರ ವಹಿಸಿಕೊಂಡ ವರ್ಷ ನನ್ನ ವರದಿಗೆ ಮೊದಲ ಬಾರಿ ಓದುಗರು ಸಿಕ್ಕರು. ನಾವೆಲ್ಲ ಅವರನ್ನು ಮೇಡಂ ಎನ್ನುತ್ತೇವೆ. ಅವರು ಚುರುಕು, ಮಾತು ಕಡಿಮೆ. ಒಳಗೆ ಬೆಂಕಿ ಉಗುಳುವ ಬೆಟ್ಟ ಕಟ್ಟಿ, ಅದರ ಹೊಟ್ಟೆಯೊಳಗೆ ರೈಲು ಓಡಿಸಬೇಕು, ಹೆದ್ದಾರಿಯವರ ಕಣ್ಣು ಕುಕ್ಕಬೇಕು ಎಂಬುದು ಅವರ ಯೋಜನೆ. ಬೆಟ್ಟಕ್ಕೆ ಜಾಗ ಬೇಕಿತ್ತು. ಯಾವ ಆಟ ತೆಗೆದರೆ ಯಾರಿಗೂ ಬೇಸರವಾಗುವುದಿಲ್ಲ ಎಂದು ಬರೆದುಕೊಡಲು ನನಗೆ ಹೇಳಿದರು. ನಾನು ಹೊಸ ಪೆನ್ನು ತೆಗೆದುಕೊಂಡು ಬರೆದೆ: 'ದೋಣಿಯಾಟಕ್ಕೆ ಕಾಯುವವರೇ ಇಲ್ಲ.' ಎಷ್ಟು ಚೊಕ್ಕ ವಾಕ್ಯ ಎಂದು ಎರಡು ಸಲ ಓದಿಕೊಂಡೆ.

ಸ್ವಂತ ಅಕ್ಕನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇನೆ ಎಂದು ಅನ್ನಿಸಲಿಲ್ಲವೇ ಎಂದು ನೀವು ಕೇಳಬಹುದು. ಅನ್ನಿಸಿತು. ಆದರೆ ಅದನ್ನು ನಾನು ನಿಷ್ಪಕ್ಷಪಾತ ಎಂದು ಕರೆದುಕೊಂಡೆ. ಮಾರನೆಯ ದಿನ ಊಟದ ಬಿಡುವಿನಲ್ಲಿ ಅವಳಿಗೆ ಮೆಲ್ಲಗೆ ವಿಷಯ ತಿಳಿಸಿದೆ. "ಅಕ್ಕಾ, ನಿನ್ನ ದೋಣಿಗೆ ಕಾಯೋರೇ ಇಲ್ಲ ಅಂತ ಬರೀಬೇಕಾಯ್ತು. ನಂಬರ್ ಹಾಗೆ ಹೇಳುತ್ತೆ."

ಅವಳು ರೊಟ್ಟಿ ಮುರಿಯುತ್ತಿದ್ದವಳು ತಲೆ ಎತ್ತಿದಳು. "ಕಾಯೋರು ಯಾಕೋ ಇರ್ಬೇಕು? ನಾನಿರೋದು ಯಾತಕ್ಕೆ ಮತ್ತೆ?"

ಪಾಪ, ಹೋಲಿಕೆ ಶಾಸ್ತ್ರ ಇವಳಿಗೆ ಅರ್ಥವಾಗುವುದಿಲ್ಲ ಎಂದು ನಾನು ಮರುಕಪಟ್ಟೆ.

ಮೂರು ವಾರ ಕಳೆದು ಅಕ್ಕನ ದವಡೆ ಹಲ್ಲು ಕೀಳಿಸಬೇಕಾಗಿ ಬಂತು. ಹಲ್ಲಿನ ಡಾಕ್ಟರ ಬಳಿ ನಾನೇ ಕರೆದುಕೊಂಡು ಹೋದೆ. ಕೆನ್ನೆ ಊದಿಕೊಂಡು ಮಾತಾಡಲಾಗದಿದ್ದರೂ, ಕಾಯುತ್ತಿದ್ದ ಎಂಟು ಜನರಲ್ಲಿ ಬರೀ ಚೀಟಿ ತೋರಿಸಲು ಬಂದವರನ್ನು ಕೈಸನ್ನೆಯಿಂದಲೇ ಮುಂದಕ್ಕೆ ಕಳಿಸಿ, ಅರ್ಧ ಗಂಟೆಯಲ್ಲಿ ಆ ಕೋಣೆಯನ್ನು ಖಾಲಿ ಮಾಡಿಸಿದಳು. ಮೂರು ದಿನ ರಜೆ ಎಂದರು ಡಾಕ್ಟರು. ಮಂಗಳವಾರದ ವಾರದ ರಜೆ ಬಿಟ್ಟು ಅವಳು ರಜೆ ಹಾಕಿದ್ದೇ ಅಪರೂಪ. ಮಂಗಳವಾರ ನಾನು ಹೆದ್ದಾರಿಯವರ ಪಾರ್ಕಿನಲ್ಲಿರುತ್ತಿದ್ದೆ. ಅವಳಿಲ್ಲದ ದೋಣಿಯನ್ನು ನಾನು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಆ ಕಡೆ ಹೋದವನು ಬೆಪ್ಪಾಗಿ ನಿಂತೆ. ದೋಣಿಯ ಕ್ಯೂ ಕಟ್ಟೆಯಿಂದ ಹೊರಟು, ಕಾರಂಜಿ ಸುತ್ತಿ, ಪಾಪ್‌ಕಾರ್ನ್ ಗಾಡಿಯವರೆಗೆ ಬಂದಿತ್ತು. ಬಿಸಿಲಿಗೆ ಮಕ್ಕಳು ರಚ್ಚೆ ಹಿಡಿದಿದ್ದವು. ಅಕ್ಕನ ಬದಲಿಗೆ ಟಿಕೆಟ್ ಕೌಂಟರಿನಿಂದ ಬಂದಿದ್ದವನು, "ಯಾರಾದ್ರೂ ಇಬ್ಬರಿದ್ದೀರಾ? ಇಬ್ಬರು?" ಎಂದು ಕೂಗುತ್ತಾ ಬೆವರು ಒರೆಸಿಕೊಳ್ಳುತ್ತಿದ್ದ. ಮುಕ್ಕಾಲು ನಿಮಿಷಕ್ಕೊಂದು ದೋಣಿ ಹೊರಡುತ್ತಿತ್ತು, ಅದರಲ್ಲೂ ಐದಾರು ಸೀಟು ಖಾಲಿ. ನನ್ನ ಮೊದಲ ಯೋಚನೆ ಏನು ಗೊತ್ತೇ? ದೋಣಿಯಾಟದ ಬೇಡಿಕೆ ಏಕಾಏಕಿ ಏರಿದೆ, ಇದನ್ನು ಗುರುತಿಸಿದ ಮೊದಲಿಗ ನಾನೇ ಎಂದು ಗಡಿಯಾರ ನೋಡಿ 'ನಲವತ್ತು ನಿಮಿಷ' ಎಂದು ಬರೆದುಕೊಂಡೆ.

ದೋಣಿಗಳ ಮೆಕ್ಯಾನಿಕ್ ಪಕ್ಕದಲ್ಲೇ ನಿಂತಿದ್ದ. ಅಕ್ಕನ ಜೊತೆ ಹದಿನೈದು ವರ್ಷ ಕೆಲಸ ಮಾಡಿದವನು. "ಏನಪ್ಪಾ, ಇಷ್ಟೊಂದು ಜನ ಇವತ್ತು?" ಎಂದೆ.

"ದಿನಾ ಇಷ್ಟೇ ಜನ ಸಾರ್," ಎಂದ. "ಅಕ್ಕ ಇಲ್ಲ, ಅಷ್ಟೇ."

 ಅಕ್ಕ ಕೆಲಸಕ್ಕೆ ಮರಳಿದ ದಿನ ಜೀವಮಾನದಲ್ಲಿ ಮೊದಲ ಬಾರಿ ಬೆಂಚು ಬದಲಿಸಿದೆ. ಜನ ಒಳಗೆ ಹೋಗುವ ಬಾಗಿಲು ಬಿಟ್ಟು ಹೊರಗೆ ಬರುವ ಬಾಗಿಲಲ್ಲಿ ಕೂತು, ಒಂದು ಗಂಟೆ ಟಿಕ್‌ಟಿಕ್ ಒತ್ತಿದೆ. ಸಾವಿರದ ಎಂಟುನೂರ ಎಪ್ಪತ್ತನಾಲ್ಕು ಜನ. ಆಮೇಲೆ ಕಡುಕೆಂಪು ಹದ್ದಿನ ಹೊರಬಾಗಿಲಿಗೆ ಹೋಗಿ ಇನ್ನೊಂದು ಗಂಟೆ ಒತ್ತಿದೆ. ಆರುನೂರ ಹತ್ತು. ನಮ್ಮ ಪಾರ್ಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಹತ್ತುವ ಆಟವನ್ನು ನಾನು ಯಾರಿಗೂ ಬೇಡದ ಆಟ ಎಂದು ಬರೆದುಕೊಟ್ಟಿದ್ದೆ. ಅಕ್ಕ ಚೆನ್ನಾಗಿ ಕೆಲಸ ಮಾಡಿದಷ್ಟೂ ನಾನು ಅವಳಿಗೆ ಕಡಿಮೆ ಅಂಕ ಕೊಟ್ಟಿದ್ದೆ. ಟಿಕೆಟ್ ಕೌಂಟರಿನ ಆ ಬೆವರುವ ಮನುಷ್ಯನಿಗಾದರೆ ನಲವತ್ತು ಸಿಗುತ್ತಿತ್ತು.

ಶುಕ್ರವಾರ ಸಂಜೆ ಅಕ್ಕನ ಮನೆಗೆ ಹೋದೆ. ಕೆನ್ನೆಯ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿ, ನನ್ನ ಮಹಾ ಉಪಾಯವನ್ನೂ ಹೇಳಿದೆ.

"ನಾಳೆ ಮೇಡಂ ರೌಂಡ್ಸ್ ಬರ್ತಾರೆ. ಅವತ್ತೊಂದಿನ ಸ್ವಲ್ಪ ನಿಧಾನ ಮಾಡು."

"ಏನು ನಿಧಾನ?"

"ದೋಣಿ ಬಿಡೋದು. ಒಂದಿಪ್ಪತ್ತು ನಿಮಿಷ ಕ್ಯೂ ನಿಂತ್ರೆ ಸಾಕು. ಮಿಕ್ಕಿದ್ದು ನಾನು ನೋಡ್ಕೋತೀನಿ."

ಅವಳು ನನ್ನನ್ನು ನೋಡಿದ ರೀತಿಗೆ ನಾನು ಕುರ್ಚಿಯಲ್ಲಿ ಹಿಂದಕ್ಕೆ ಸರಿದೆ. "ಆ ಬಿಸಿಲಲ್ಲಿ ಮಕ್ಕಳನ್ನ ಎತ್ಕೊಂಡು ಬಂದಿರ್ತಾರೆ ಕಣೋ. ಖಾಲಿ ದೋಣಿ ಪಕ್ಕದಲ್ಲಿಟ್ಕೊಂಡು ಅವರ ಮುಖ ನೋಡ್ತಾ ನಿಂತ್ಕೊಳ್ಲಾ? ನಿನ್ನ ಕಾಗದಕ್ಕೋಸ್ಕರ?"

"ನನ್ನ ಕಾಗದಕ್ಕಲ್ಲ, ನಿನ್ನ ದೋಣಿಗೋಸ್ಕರ."

"ತಪ್ಪು ಎಣಿಸಿದ್ದು ನೀನು, ನಿಧಾನ ಮಾಡಬೇಕಾಗಿರೋದು ನಾನಾ? ಚೆನ್ನಾಗಿದೆ ನ್ಯಾಯ. ಸೋಮವಾರ ಮೀಟಿಂಗ್ ಇದೆಯಲ್ಲ, ಎದ್ದು ನಿಂತು ಹೇಳು, ನಂದು ತಪ್ಪಾಯ್ತು ಅಂತ. ಹೇಳ್ತೀಯಾ?"

"ಹೇಳ್ತೀನಿ," ಎಂದೆ. ಆ ಹೊತ್ತಿಗೆ ಅದು ನಿಜವೇ ಆಗಿತ್ತು.

ಸೋಮವಾರದ ಮೀಟಿಂಗಿಗೆ ಹೊಸ ಅಂಕಿಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋದೆ. ಹತ್ತು ಜನ ಇದ್ದರು. ನೀರು ಖಾಲಿ ಮಾಡಲು ಎಷ್ಟು ದಿನ ಬೇಕು ಎಂದು ಕೇಳಲು ಮೆಕ್ಯಾನಿಕ್ಕನ್ನೂ ಕರೆಸಿದ್ದರು, ಅವನು ಬಾಗಿಲ ಪಕ್ಕದ ಕುರ್ಚಿಯ ತುದಿಯಲ್ಲಿ ಕೂತಿದ್ದ. ಮೇಡಂ ನನ್ನ ವರದಿಯನ್ನು ಕೈಯಲ್ಲಿ ಎತ್ತಿ ಹಿಡಿದರು. "ಇಲ್ಲಿರೋರಲ್ಲಿ ಸ್ವಂತ ಮನೆಯವರ ಮುಖ ನೋಡದೆ ಸತ್ಯ ಬರೆದಿರೋದು ಇವರೊಬ್ಬರೇ. ಇವತ್ತಿಂದ ಇವರು ಹೋಲಿಕೆ ವಿಭಾಗದ ಮುಖ್ಯಸ್ಥರು. ಇವರ ಕೆಳಗೆ ಇಬ್ಬರನ್ನ ಕೊಡ್ತೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈ ಜೇಬಿನಲ್ಲೇ ಇತ್ತು, ಕಾಗದ ಬೆರಳಿಗೆ ತಾಕುತ್ತಿತ್ತು. ಈಗ ಎದ್ದರೆ ಆ ಮಾತು ಮುಗಿಯುವ ಮೊದಲೇ ಅದನ್ನು ಸುಳ್ಳು ಮಾಡಿದಂತಾಗುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಹೇಳೋಣ ಎಂದುಕೊಂಡೆ. ಸ್ವಲ್ಪ ಹೊತ್ತು ಕಳೆಯಿತು. "ಏನಾದ್ರೂ ಹೇಳೋದಿದೆಯಾ?" ಎಂದು ಮೇಡಂ ನನ್ನತ್ತ ತಿರುಗಿ ಕೇಳಿದರು. ನನ್ನ ಗಂಟಲೊಳಗಿಂದ "ಇಲ್ಲ ಮೇಡಂ" ಎಂಬುದು ಎಷ್ಟು ಸಲೀಸಾಗಿ ಹೊರಬಂತೆಂದರೆ, ಬೇರೆ ಯಾರೋ ಹೇಳಿದರೇನೋ ಎಂದು ನಾನೇ ಅಕ್ಕಪಕ್ಕ ನೋಡಿದೆ. ಆಮೇಲೆ ಬೆಂಕಿಬೆಟ್ಟದ ಚಿತ್ರ ತೋರಿಸಿದರು. ಅದಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನು.

ಸಂಜೆ ಮನೆಗೆ ಬಂದರೆ ಅಕ್ಕ ನಮ್ಮ ಬಾಗಿಲಲ್ಲೇ ನಿಂತಿದ್ದಳು. "ಹೇಳಿದ್ಯೇನೋ?"

ನಾನು ಬಗ್ಗಿ ಶೂ ದಾರ ಬಿಚ್ಚುತ್ತಾ, "ಏನು ಹೇಳಿದ್ರೂ ಅವರು ಕೇಳಲ್ಲ ಅಕ್ಕಾ," ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ಆಗಲೇ ಮನಸ್ಸಿನಲ್ಲಿ ವಾದ ಹೂಡಿದ್ದೆ. ಅವಳು ನನ್ನ ತಲೆ ಸವರಿದಳು. ನನ್ನ ತಲೆ ಬೋಳಾದ ಮೇಲೆ ಅವಳು ಅದನ್ನು ಸವರಿದ್ದು ಅದೇ ಮೊದಲು. "ಹೋಗ್ಲಿ ಬಿಡು. ನೀನು ಹೇಳಿದ್ಯಲ್ಲ, ಅಷ್ಟು ಸಾಕು ನಂಗೆ." ಒಳಗೆ ನನ್ನ ಹೆಂಡತಿ ನನ್ನ ಮುಖವನ್ನೊಮ್ಮೆ ನೋಡಿದಳು, ಏನೂ ಕೇಳಲಿಲ್ಲ. ಅವಳು ಏನೂ ಕೇಳಲಿಲ್ಲ ಎಂದರೆ ಅವಳಿಗೆ ಎಲ್ಲ ಗೊತ್ತಾಗಿದೆ ಎಂದರ್ಥ.

ಮಾರನೆಯ ದಿನ ನನ್ನ ಬಡ್ತಿಯ ಸುದ್ದಿ ಹಬ್ಬಿತು. ಅಕ್ಕ ಅದಕ್ಕೆ ತನ್ನದೇ ಅರ್ಥ ಹಚ್ಚಿಕೊಂಡಳು. ಟಿಕೆಟ್ ಕೌಂಟರಿನಲ್ಲಿ, ಪಾಪ್‌ಕಾರ್ನ್ ಗಾಡಿಯಲ್ಲಿ, ಮೆಕ್ಯಾನಿಕ್ಕಿನ ಶೆಡ್ಡಿನಲ್ಲಿ ಎಲ್ಲ ಕಡೆ ಹೇಳಿಕೊಂಡು ಬಂದಳು: "ನನ್ನ ತಮ್ಮ ಮೇಡಂ ಎದುರಿಗೇ ಎದ್ದು ನಿಂತು ತಪ್ಪು ಒಪ್ಕೊಂಡ. ದೋಣಿ ಉಳೀಲಿಲ್ಲ, ಆದ್ರೆ ಅವನ ಧೈರ್ಯ ನೋಡಿ ದೊಡ್ಡ ಹುದ್ದೆ ಕೊಟ್ರು." ಕೇಳಿದವರೆಲ್ಲ ಹೂಂ ಹೂಂ ಎಂದರಂತೆ. ಅವಳ ಮಾತನ್ನು ತಿದ್ದಲು ನನಗೆ ದಿನಕ್ಕೆ ಹತ್ತು ಅವಕಾಶ ಸಿಗುತ್ತಿತ್ತು. ಹತ್ತನ್ನೂ ನಾನು ಬಹಳ ಜಾಗರೂಕತೆಯಿಂದ ತಪ್ಪಿಸಿಕೊಂಡೆ.

ದೋಣಿಯ ನೀರು ಬಸಿಯಲು ನಾಲ್ಕು ದಿನ ಬೇಕಾಯಿತು. ಕರಡಿಗಳನ್ನು ಲಾರಿಗೆ ಹೇರಿಕೊಂಡು ಹೋದರು. ಅಕ್ಕನನ್ನು ಬೆಟ್ಟ ಕಟ್ಟಿ ಮುಗಿಯುವವರೆಗೆ ಪಾರ್ಕಿಂಗ್ ಬಯಲಿಗೆ ಹಾಕಿದರು. ಕಿತ್ತಳೆ ಬಣ್ಣದ ಅಂಗಿ ತೊಟ್ಟು, ಹದಿನೆಂಟು ತಿಂಗಳು ಆ ಬಿಸಿಲಲ್ಲಿ ನಿಂತು ಕಾರು ನಿಲ್ಲಿಸಿದಳು. ಅಲ್ಲೂ ಅವಳು ಎಪ್ಪತ್ತು ಕಾರಿಗೆ ಹೆಚ್ಚುವರಿ ಜಾಗ ಹುಟ್ಟಿಸಿದಳು. ನನ್ನ ಹೊಸ ಆಫೀಸಿನ ಕಿಟಕಿ ಆ ಬಯಲಿಗೇ ಮುಖ ಮಾಡಿತ್ತು. ನಾನು ಪರದೆ ಹಾಕಿಸಿಕೊಂಡೆ. ಕಣ್ಣಿಗೆ ಬಿಸಿಲು ಹೊಡೆಯುತ್ತದೆ ಎಂದು ಕಾರಣ ಬರೆದೆ.

ಬೆಂಕಿಬೆಟ್ಟ ತೆರೆದ ಮೊದಲ ತಿಂಗಳು ತೊಂಬತ್ತು ನಿಮಿಷದ ಕ್ಯೂ. ಮೇಡಂ ಮುಖ ಅರಳಿತ್ತು. ಹೆದ್ದಾರಿಯವರ ಎಪ್ಪತ್ತನ್ನು ಮುರಿದಿದ್ದೇವೆ ಎಂದು ನನ್ನ ಹೊಸ ಸಹಾಯಕರು ಬಣ್ಣ ಬಳಿದು ತೋರಿಸಿದರು. ಎರಡನೆಯ ತಿಂಗಳು ರೈಲು ತಯಾರಿಸಿದ ಕಂಪನಿಯ ಜನ ಹೊರಟುಹೋದರು, ಹತ್ತಿಸುವ ಕಟ್ಟೆಯ ಮೇಲೆ ಅಕ್ಕ ಬಂದು ನಿಂತಳು. ಬಂದ ವಾರವೇ ಎಣಿಸುವ ಗೇಟನ್ನು ಇಲ್ಲೂ ಬಿಚ್ಚಿಸಿದಳು. ತೊಂಬತ್ತು ಇದ್ದದ್ದು ಐವತ್ತಾಯಿತು. ಮೂರನೆಯ ತಿಂಗಳ ಕೊನೆಗೆ ಹತ್ತು. ಒಂದು ಶನಿವಾರ ಮಧ್ಯಾಹ್ನ ಮೇಡಂ ಸ್ವತಃ ಹೋಗಿ ನೋಡಿದರೆ, ಕ್ಯೂಗೆಂದು ಕಟ್ಟಿದ ಕಂಬಿಗಳ ನಡುವೆ ಒಬ್ಬರೂ ಇರಲಿಲ್ಲ.

ನನ್ನನ್ನು ಕರೆಸಿದರು. ಮೇಜಿನ ಮೇಲೆ ನನ್ನದೇ ವಿಭಾಗದ ವರದಿ, ಬೆಂಕಿಬೆಟ್ಟದ ಮುಂದೆ ಬಣ್ಣ ಮಾಸಿದ ಚೌಕ. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. "ಇಷ್ಟೆಲ್ಲ ಸುರಿದು ಮೂರೇ ತಿಂಗಳಿಗೆ ಜನಕ್ಕೆ ಬೇಜಾರಾಯ್ತಾ? ಕಡಲಿನವರ ಹಾಗೆ ಇದಕ್ಕೂ ಏನಾದ್ರೂ ಸೇರಿಸ್ಬೇಕಾ, ಇಲ್ಲ ಅರ್ಧ ರೈಲು ನಿಲ್ಲಿಸಿಬಿಡೋಣ್ವಾ? ಆ ಕಟ್ಟೆ ಮೇಲಿರೋ ನಿಮ್ಮಕ್ಕನ್ನ ತೆಗೆದು ಯಾರಾದ್ರೂ ಯುವಕರನ್ನ ಹಾಕಿದ್ರೆ ಸ್ವಲ್ಪ ಕಳೆ ಬರುತ್ತೇನೋ."

ಹಾಗಾದರೆ ಅಕ್ಕ ಮತ್ತೆ ಪಾರ್ಕಿಂಗ್ ಬಯಲಿಗೆ. ನನ್ನ ಕಿಟಕಿಗೆ ಮತ್ತೆ ಪರದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ಜನ ಕಡಿಮೆಯಾಗಿಲ್ಲ ಮೇಡಂ," ಎಂದೆ.  "ಹೊರಬಾಗಿಲಲ್ಲಿ ನಿಂತು ಎಣಿಸಿ. ಮೊದಲ ತಿಂಗಳಿಗಿಂತ ದುಪ್ಪಟ್ಟು ಜನ ಹತ್ತುತ್ತಿದ್ದಾರೆ. ಕ್ಯೂ ಇಲ್ಲ, ಯಾಕಂದ್ರೆ ಅಲ್ಲಿ ನಮ್ಮಕ್ಕ ಇದ್ದಾಳೆ."

ಅವರು ನನ್ನ ಮುಂದೆಯೇ ಒಬ್ಬರನ್ನು ಕಳಿಸಿ ಎಣಿಸಿ ತರಿಸಿದರು. ಅಂಕಿ ಬಂತು. ಅದನ್ನು ಎರಡು ಸಲ ಓದಿ, "ಹಾಗಾದ್ರೆ ದೋಣಿ?" ಎಂದರು.

"ದೋಣಿಗೂ ಇದೇ ಕಾರಣಕ್ಕೆ ಕ್ಯೂ ಇರ್ಲಿಲ್ಲ."

"ನಿಮಗೆ ಯಾವಾಗ ಗೊತ್ತಾಯ್ತು?"

"ಮುಚ್ಚೋ ಮುಂಚೆ. ಮೀಟಿಂಗ್ ದಿನ ಹೊಸ ಅಂಕಿ ನನ್ನ ಜೇಬಲ್ಲೇ ಇತ್ತು."

ಅವರು ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. "ನಿಮ್ಮನ್ನ ಮನೆಗೆ ಕಳಿಸಬೇಕು. ಆದ್ರೆ ಹೊಸಬರು ಬಂದು ಇದೇ ತಪ್ಪು ಮಾಡಿ ಕಲಿಯೋಕೆ ಇನ್ನೂ ಹನ್ನೊಂದು ವರ್ಷ ಬೇಕು," ಎಂದರು. "ನಾಳೆಯಿಂದ ಒಬ್ಬರೇ. ಸಹಾಯಕರು ಇಲ್ಲ, ಆಫೀಸು ಇಲ್ಲ. ಮೂರೂ ಪಾರ್ಕಿನ ಹೊರಬಾಗಿಲಲ್ಲಿ ನಿಂತು ಎಲ್ಲಾ ಮತ್ತೆ ಎಣಿಸಿ. ನಿಮ್ಮಕ್ಕ ಅಲ್ಲೇ ಇರ್ಲಿ."

ಅಕ್ಕನ ಕೆಲಸ ಉಳಿಯಿತು. ನಾನು ನೇರ ಬೆಟ್ಟಕ್ಕೆ ಹೋದೆ. ಅವಳು ರೈಲು ತುಂಬಿಸುತ್ತಿದ್ದಳು. ನಾನು ಕಂಬಿಯ ಈಚೆ ನಿಂತು, ಆಫೀಸಿನಲ್ಲಿ ನಡೆದದ್ದನ್ನು ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ.

"ಅಕ್ಕಾ, ಅವತ್ತು ನಾನು ಹೇಳಿರ್ಲಿಲ್ಲ."

"ಯಾವತ್ತು?"

"ದೋಣಿ ಮೀಟಿಂಗ್ ದಿನ. ಏನಾದ್ರೂ ಹೇಳೋದಿದೆಯಾ ಅಂತ ಅವರೇ ಕೇಳಿದ್ರು. ಇಲ್ಲ ಅಂದೆ. ಚಪ್ಪಾಳೆ ಹೊಡೆದೆ."

ಅವಳು ಮೂವರ ಒಂದು ಕುಟುಂಬವನ್ನು ಕೂರಿಸಿ, ಸೀಟಿನ ಅಡ್ಡ ಸರಳು ಇಳಿದಿದೆಯೇ ಎಂದು ಎಳೆದು ನೋಡಿ, ಕೈ ಎತ್ತಿದಳು. ರೈಲು ಹೊರಟಿತು. ಮುಂದಿನ ರೈಲು ಬಂದು ನಿಂತಿತು, ಅದನ್ನೂ ತುಂಬಿಸಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು. "ಪಾರ್ಕಿಂಗಲ್ಲಿ ನಿಂತಾಗೆಲ್ಲ ಅದೊಂದನ್ನೇ ನೆನೆಸ್ಕೊಂಡು ಇದ್ದೆ ಕಣೋ. ಎಲ್ಲರ ಹತ್ರ ಹೇಳ್ಕೊಂಡು ಬಂದೆನಲ್ಲೋ, ನನ್ನ ತಮ್ಮ ಎದ್ದು ನಿಂತ ಅಂತ."

ನಾನು ಏನೋ ಹೇಳಲು ಬಾಯಿ ತೆರೆದೆ.

"ನಂಗೆ ಹೇಳ್ಬೇಡ. ಅವರ ಹತ್ರ ಹೋಗಿ ಹೇಳು. ಒಬ್ಬೊಬ್ಬರ ಹತ್ರಾನೂ. ಈಗ್ಲೇ."

ಹೋದೆ. ಟಿಕೆಟ್ ಕೌಂಟರಿನ ಹೆಂಗಸು ನಾನು ಹೇಳುವುದನ್ನು ಕೇಳಿ, "ಹೂಂ," ಎಂದು ಚಿಲ್ಲರೆ ಡಬ್ಬಿ ನೋಡತೊಡಗಿದಳು. ಪಾಪ್‌ಕಾರ್ನಿನವನು, "ಆಯ್ತು ಸಾರ್," ಎಂದ. ಯಾರಿಗೂ ಆಶ್ಚರ್ಯವೇ ಆಗುತ್ತಿಲ್ಲವಲ್ಲ, ನನ್ನಿಂದ ಯಾರೂ ಇದಕ್ಕಿಂತ ಒಳ್ಳೆಯದನ್ನು ನಿರೀಕ್ಷಿಸಿರಲಿಲ್ಲವೇನೋ ಎಂದುಕೊಳ್ಳುತ್ತಾ ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋದೆ. ಅವನು ರೈಲಿನ ಗಾಲಿ ಬಿಚ್ಚಿಕೊಂಡು ಕೂತಿದ್ದ. ಹೇಳಿದೆ.

"ಗೊತ್ತು ಸಾರ್. ನಾನು ಅಲ್ಲೇ ಇದ್ನಲ್ಲ."

ನನಗೆ ಆಗಷ್ಟೇ ಹೊಳೆಯಿತು. "ಎಲ್ಲರಿಗೂ ಹೇಳಿದ್ಯಾ?"

"ಅವತ್ತು ಸಂಜೇನೇ ಎಲ್ಲರಿಗೂ ಗೊತ್ತಾಯ್ತು."

"ಅಕ್ಕನಿಗೆ ಯಾಕೆ ಯಾರೂ ಹೇಳ್ಲಿಲ್ಲ? ಎರಡು ವರ್ಷ ಆಯ್ತಲ್ಲಯ್ಯ. ಅವಳು ನಿಮ್ಮೆಲ್ಲರ ಮುಂದೆ ಹಾಗೆ ಹೇಳ್ಕೊಂಡು ತಿರುಗ್ತಿದ್ರೆ..."

ಅವನು ಸ್ಪ್ಯಾನರು ಕೆಳಗಿಟ್ಟ. "ದೋಣಿ ಹೋಗಿತ್ತು ಸಾರ್," ಎಂದ. "ತಮ್ಮನಾದ್ರೂ ಇರ್ಲಿ ಅಂತ ಸುಮ್ನಿದ್ವಿ."

ಅಷ್ಟು ಹೇಳಿ ಅವನು ಮತ್ತೆ ಗಾಲಿಯ ಕಡೆ ಬಗ್ಗಿದ.  ಇನ್ನೂ ಆರು ಜನರಿಗೆ ಹೇಳುವುದಿತ್ತು, ಹೋಗಿ ಹೇಳಿದೆ.